ಸರ್ಕಾರಿ ಶಾಲೆಗಳಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳ ಗುರುತಿಸುವಿಕೆ ಹಾಗೂ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ: ಪೋಷಕರಿಗೆ ಮಾಹಿತಿ

1. ಪೀಠಿಕೆ

ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ವ್ಯಾಸಂಗ ಮಾಡುತ್ತಿರುವ ಮಕ್ಕಳ ಪೈಕಿ ಓದಿನಲ್ಲಿ ವಿಶೇಷ ಸಾಮರ್ಥ್ಯವುಳ್ಳವರನ್ನು ಗುರುತಿಸಿ, ಅವರ ವಿದ್ಯಾಭ್ಯಾಸಕ್ಕೆ ನೆರವು ನೀಡುವ ಹಲವು ಯೋಜನೆಗಳು ಜಾರಿಯಲ್ಲಿವೆ. ಇವುಗಳಲ್ಲಿ ಕೆಲವು ಯೋಜನೆಗಳು ಮಗುವನ್ನು ಬೇರೆ ಶಾಲೆಗೆ ಸೇರಿಸಿಕೊಳ್ಳುತ್ತವೆ. ಮತ್ತೆ ಕೆಲವು, ಮಗು ಇರುವ ಶಾಲೆಯಲ್ಲಿಯೇ ಓದು ಮುಂದುವರಿಸಲು ಹಣಕಾಸಿನ ನೆರವು ನೀಡುತ್ತವೆ. ಎರಡನೆಯ ಬಗೆಯ ಯೋಜನೆಗಳಲ್ಲಿ ಮುಖ್ಯವಾದುದು ರಾಷ್ಟ್ರೀಯ ವರಮಾನ ಹಾಗೂ ಪ್ರತಿಭಾ ಆಧಾರಿತ ವಿದ್ಯಾರ್ಥಿವೇತನ ಯೋಜನೆ (ಎನ್.ಎಂ.ಎಂ.ಎಸ್.).

ಈ ಯೋಜನೆಯ ಬಗ್ಗೆ ಶಾಖೆಗೆ ಬರುವ ಅಹವಾಲುಗಳನ್ನು ಗಮನಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಹಣ ತಾನಾಗಿಯೇ ಬರುತ್ತದೆ ಎಂದು ಅನೇಕ ಪೋಷಕರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಆಯ್ಕೆ ಎಂಬುದು ಮೊದಲ ಹಂತ ಮಾತ್ರ. ಆಯ್ಕೆಯ ನಂತರ ಅರ್ಜಿ ಸಲ್ಲಿಸಬೇಕು. ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಈ ಕ್ರಮಗಳು ತಪ್ಪಿದಲ್ಲಿ, ಮಗು ತನ್ನ ಸಾಮರ್ಥ್ಯದಿಂದ ಗಳಿಸಿದ ನೆರವು ಕಾಗದಪತ್ರಗಳ ಕಾರಣದಿಂದ ಕೈತಪ್ಪುತ್ತದೆ. ಆದ್ದರಿಂದ ಗುರುತಿಸುವಿಕೆಯಿಂದ ಹಣ ಪಾವತಿಯವರೆಗಿನ ಎಲ್ಲ ಹಂತಗಳನ್ನು ಪೋಷಕರ ಮತ್ತು ವಿದ್ಯಾರ್ಥಿಗಳ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಪ್ರತಿಭೆಯನ್ನು ಗುರುತಿಸುವ ಹಂತಗಳು

ಸರ್ಕಾರಿ ಶಾಲೆಯ ಮಗುವಿಗೆ ಮುಖ್ಯವಾಗಿ ಎರಡು ಹಂತಗಳಲ್ಲಿ ಅವಕಾಶ ದೊರೆಯುತ್ತದೆ.

(ಅ) 5ನೇ ತರಗತಿಯ ಹಂತ: 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ನಡೆಯುತ್ತಿರುವ ಜವಾಹರ ನವೋದಯ ವಿದ್ಯಾಲಯಗಳು 6ನೇ ತರಗತಿಯ ಪ್ರವೇಶಕ್ಕಾಗಿ ಆಯ್ಕೆ ಪರೀಕ್ಷೆ ನಡೆಸುತ್ತವೆ. ಪ್ರತಿ ಜಿಲ್ಲೆಯ ಸ್ಥಾನಗಳಲ್ಲಿ ಕನಿಷ್ಠ ಶೇ. 75ರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲಾಗಿದ್ದು, ಒಟ್ಟು ಸ್ಥಾನಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗವನ್ನು ಹೆಣ್ಣುಮಕ್ಕಳಿಗೆ ನೀಡಲಾಗುತ್ತದೆ. ಎರಡು ಗಂಟೆಗಳ ಈ ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯದ 40, ಅಂಕಗಣಿತದ 20 ಹಾಗೂ ಭಾಷೆಯ 20 ಪ್ರಶ್ನೆಗಳಿರುತ್ತವೆ. ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಒಬ್ಬ ವಿದ್ಯಾರ್ಥಿಗೆ 6ನೇ ತರಗತಿಯ ಪ್ರವೇಶಕ್ಕೆ ಒಂದು ಬಾರಿ ಮಾತ್ರ ಅವಕಾಶವಿರುತ್ತದೆ. ಇದೇ ಹಂತದಲ್ಲಿ ರಾಜ್ಯದ ಆದರ್ಶ ವಿದ್ಯಾಲಯಗಳಿಗೆ ಹಾಗೂ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳಿಗೂ ಪ್ರತ್ಯೇಕವಾಗಿ ಅರ್ಜಿ ಕರೆಯಲಾಗುತ್ತದೆ.

(ಆ) 8ನೇ ತರಗತಿಯ ಹಂತ: ಎನ್.ಎಂ.ಎಂ.ಎಸ್. ಪರೀಕ್ಷೆ ಈ ಹಂತದಲ್ಲಿ ನಡೆಯುತ್ತದೆ. 5ನೇ ತರಗತಿಯ ಅವಕಾಶ ತಪ್ಪಿದ ಮಗುವಿಗೂ, ಮನೆಬಿಟ್ಟು ವಸತಿ ಶಾಲೆಗೆ ಹೋಗಲಾಗದ ಮಗುವಿಗೂ ಇದು ಎರಡನೆಯ ಅವಕಾಶವಾಗಿದೆ.

ಹಿಂದೆ 10ನೇ ತರಗತಿಯ ಮಕ್ಕಳಿಗಾಗಿ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ (ಎನ್.ಟಿ.ಎಸ್.ಇ.) ನಡೆಯುತ್ತಿತ್ತು. 1963ರಲ್ಲಿ ಆರಂಭವಾದ ಆ ಯೋಜನೆಯನ್ನು 2021ರ ನಂತರ ಸ್ಥಗಿತಗೊಳಿಸಲಾಗಿದೆ. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ನೋಡಿ ಆ ಪರೀಕ್ಷೆಗಾಗಿ ವಿಚಾರಿಸುವವರು ಇದನ್ನು ಗಮನಿಸಬೇಕು.

3. ಯೋಜನೆಯ ಹಿನ್ನೆಲೆ ಮತ್ತು ಉದ್ದೇಶ

ಕೇಂದ್ರ ಸರ್ಕಾರವು ಎನ್.ಎಂ.ಎಂ.ಎಸ್. ಯೋಜನೆಯನ್ನು 2008ರಲ್ಲಿ ಜಾರಿಗೆ ತಂದಿತು. ಆರ್ಥಿಕವಾಗಿ ಹಿಂದುಳಿದ ಕುಟುಂಬಗಳ ಪ್ರತಿಭಾವಂತ ಮಕ್ಕಳು 8ನೇ ತರಗತಿಯ ನಂತರ ಶಾಲೆ ಬಿಡುವುದನ್ನು ತಡೆದು, ದ್ವಿತೀಯ ಪಿ.ಯು.ಸಿ.ವರೆಗೆ ಓದನ್ನು ಮುಂದುವರಿಸುವಂತೆ ಮಾಡುವುದು ಇದರ ಉದ್ದೇಶ. ಈ ವಯಸ್ಸಿನಲ್ಲಿ ಗಂಡುಮಕ್ಕಳು ಕೂಲಿಗೆ, ಗ್ಯಾರೇಜಿಗೆ ಹೋಗುವುದೂ, ಪ್ರೌಢಶಾಲೆ ದೂರವಿರುವ ಕಾರಣ ಹೆಣ್ಣುಮಕ್ಕಳು ಮನೆಯಲ್ಲಿಯೇ ಉಳಿಯುವುದೂ ತಿಳಿದ ವಿಷಯ. ಶಾಲೆ ಬಿಡುವ ಮಕ್ಕಳಲ್ಲಿ ತರಗತಿಯ ಜಾಣ ಮಕ್ಕಳೂ ಇರುತ್ತಾರೆ ಎಂಬುದನ್ನು ಮನಗಂಡು ಈ ಯೋಜನೆಯನ್ನು ರೂಪಿಸಲಾಗಿದೆ.

ದೇಶದಾದ್ಯಂತ ಪ್ರತಿ ವರ್ಷ 1,00,000 ಹೊಸ ವಿದ್ಯಾರ್ಥಿವೇತನಗಳನ್ನು ನಿಗದಿಪಡಿಸಲಾಗಿದ್ದು, ಕರ್ನಾಟಕದ ಪಾಲು 5,534 ಆಗಿರುತ್ತದೆ. ಆರಂಭದಲ್ಲಿ ವಾರ್ಷಿಕ ರೂ. 6,000 ಇದ್ದ ಮೊತ್ತವನ್ನು 2017ರ ಏಪ್ರಿಲ್‌ನಿಂದ ರೂ. 12,000ಕ್ಕೆ ಹೆಚ್ಚಿಸಲಾಯಿತು. 2022ರಲ್ಲಿ ಯೋಜನೆಯನ್ನು 2025-26ನೇ ಸಾಲಿನವರೆಗೆ ಮುಂದುವರಿಸಲು ಅನುಮೋದನೆ ನೀಡುವಾಗ, ಪೋಷಕರ ವಾರ್ಷಿಕ ಆದಾಯದ ಮಿತಿಯನ್ನು ರೂ. 1.50 ಲಕ್ಷದಿಂದ ರೂ. 3.50 ಲಕ್ಷಕ್ಕೆ ಏರಿಸಲಾಯಿತು. ಹಿಂದೆ ಆದಾಯದ ಕಾರಣಕ್ಕೆ ಹೊರಗುಳಿದಿದ್ದ ಸಣ್ಣ ರೈತರು, ಆಟೋ ಚಾಲಕರು, ಸಣ್ಣ ವ್ಯಾಪಾರಿಗಳ ಮಕ್ಕಳು ಇದರಿಂದ ಅರ್ಹರಾದರು. ಆಯಾ ಸಾಲಿನ ಷರತ್ತುಗಳನ್ನು ಆ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳತಕ್ಕದ್ದು.

9ನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ನಾಲ್ಕು ವರ್ಷಗಳಿಗೆ ಒಟ್ಟು ರೂ. 48,000 ಆಗುತ್ತದೆ. 10ನೇ ತರಗತಿಯ ನಂತರ ಅರ್ಹತೆ ತಪ್ಪಿದರೆ ಇದರಲ್ಲಿ ಅರ್ಧ, ಅಂದರೆ ರೂ. 24,000 ಕೈಬಿಟ್ಟುಹೋಗುತ್ತದೆ. ಮುಂದಿನ ವಿವರಗಳನ್ನು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವುದು ಒಳಿತು.

4. ಪರೀಕ್ಷೆಗೆ ಅರ್ಹತೆ

ಪರೀಕ್ಷೆಗೆ ಹಾಜರಾಗುವ ವಿದ್ಯಾರ್ಥಿಯು:

- ಸರ್ಕಾರಿ, ಸರ್ಕಾರಿ ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ 8ನೇ ತರಗತಿಯಲ್ಲಿ ಓದುತ್ತಿರಬೇಕು;
- 7ನೇ ತರಗತಿಯಲ್ಲಿ ಕನಿಷ್ಠ ಶೇ. 55 ಅಂಕ ಅಥವಾ ತತ್ಸಮಾನ ಶ್ರೇಣಿ ಪಡೆದಿರಬೇಕು (ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇ. 5ರ ವಿನಾಯಿತಿ ಇದೆ);
- ಪೋಷಕರ ಎಲ್ಲ ಮೂಲಗಳ ವಾರ್ಷಿಕ ಆದಾಯವು ನಿಗದಿತ ಮಿತಿಯೊಳಗಿರಬೇಕು.

ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ ಹಾಗೂ ಖಾಸಗಿ ಶಾಲೆಗಳ ವಿದ್ಯಾರ್ಥಿಗಳು ಅರ್ಹರಲ್ಲ. ಊಟ, ವಸತಿ ಮತ್ತು ಶಿಕ್ಷಣವನ್ನು ಸರ್ಕಾರವೇ ಒದಗಿಸುವ ರಾಜ್ಯದ ವಸತಿ ಶಾಲೆಗಳ ವಿದ್ಯಾರ್ಥಿಗಳಿಗೂ ಅವಕಾಶವಿಲ್ಲ. 5ನೇ ತರಗತಿಯ ಹಂತದಲ್ಲಿ ವಸತಿ ಶಾಲೆಗೆ ಸೇರಿದ ಮಗುವಿಗೆ ನೆರವು ಅದಾಗಲೇ ಬೇರೆ ರೂಪದಲ್ಲಿ ದೊರೆಯುತ್ತಿರುವುದೇ ಇದಕ್ಕೆ ಕಾರಣ.

5. ಯಾವ ಮಗುವನ್ನು ಪರೀಕ್ಷೆಗೆ ಕಳುಹಿಸಬೇಕು

ವಿದ್ಯಾರ್ಥಿಯ ಅರ್ಜಿಯನ್ನು ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಸಲ್ಲಿಸಲಾಗುತ್ತದೆ. ಹೀಗಾಗಿ ಗುರುತಿಸುವಿಕೆಯ ಮೊದಲ ಹೆಜ್ಜೆ ಇರುವುದು ತರಗತಿಯ ಕೋಣೆಯಲ್ಲಿ. ಇಲ್ಲಿ ಎರಡು ಅಡಚಣೆಗಳು ಕಂಡುಬರುತ್ತವೆ.

ಮೊದಲನೆಯದು, ಶಾಲೆಯ ಬದಲಾವಣೆ. ರಾಜ್ಯದ ಅನೇಕ ಗ್ರಾಮಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆಯು 7ನೇ ತರಗತಿಗೆ ಮುಗಿಯುತ್ತದೆ. ಮಗು 8ನೇ ತರಗತಿಗೆ ಪ್ರೌಢಶಾಲೆಗೆ ಬಂದಾಗ ಅಲ್ಲಿನ ಶಿಕ್ಷಕರಿಗೆ ಅದು ಹೊಸ ಮುಖ. ಏಳು ವರ್ಷ ಆ ಮಗುವನ್ನು ನೋಡಿದ ಶಿಕ್ಷಕರು ಹಿಂದಿನ ಶಾಲೆಯಲ್ಲಿಯೇ ಉಳಿದಿರುತ್ತಾರೆ. ಹೊಸ ಶಾಲೆಯವರು ಮಗುವನ್ನು ಅರಿಯುವ ಮೊದಲೇ ಅರ್ಜಿಯ ಅವಧಿ ಮುಗಿಯುವ ಸಂಭವವಿರುತ್ತದೆ. ಆದ್ದರಿಂದ ಪೋಷಕರು ಜೂನ್ ತಿಂಗಳಲ್ಲಿ ದಾಖಲಾತಿ ಮಾಡಿಸುವಾಗಲೇ 7ನೇ ತರಗತಿಯ ಅಂಕಪಟ್ಟಿಯ ಪ್ರತಿಯನ್ನು ತರಗತಿ ಶಿಕ್ಷಕರಿಗೆ ನೀಡಿ, ಈ ಪರೀಕ್ಷೆಯ ಬಗ್ಗೆ ವಿಚಾರಿಸುವುದು ಸೂಕ್ತ.

ಎರಡನೆಯದು, ಪ್ರತಿಭೆ ಎಂದರೆ ಹೆಚ್ಚು ಅಂಕ ಎಂಬ ಭಾವನೆ. ತರಗತಿಗೆ ಮೊದಲಿಗರಾಗಿ ಬರುವ ಮಕ್ಕಳು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಆದರೆ ಕೊಟ್ಟ ಲೆಕ್ಕವನ್ನು ಪುಸ್ತಕದಲ್ಲಿಲ್ಲದ ದಾರಿಯಲ್ಲಿ ಬಿಡಿಸುವ ಮಗು, ಪಾಠದ ನಡುವೆ ಬೇರೆಯವರಿಗೆ ಹೊಳೆಯದ ಪ್ರಶ್ನೆ ಕೇಳುವ ಮಗು, ಸಂತೆಯಲ್ಲಿ ತಾಯಿಯ ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುವ ಮಗು ಬರವಣಿಗೆಯಲ್ಲಿ ಹಿಂದುಳಿದಿರಬಹುದು. ಅಂತಹ ಮಗುವಿಗೆ 7ನೇ ತರಗತಿಯಲ್ಲಿ ಶೇ. 58 ಬಂದಿದ್ದರೂ ಪರೀಕ್ಷೆಗೆ ಕೂರುವ ಅರ್ಹತೆ ಇದೆ. ಅರ್ಹತೆ ಇರುವ ಮಗುವನ್ನು "ನಿನಗಾಗದು" ಎಂದು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ತಡೆಯಬಾರದು.

6. ಪರೀಕ್ಷೆಯ ಸ್ವರೂಪ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುವ ಈ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಿರುತ್ತವೆ.

ಪತ್ರಿಕೆ 1: ಬೌದ್ಧಿಕ ಸಾಮರ್ಥ್ಯ ಪರೀಕ್ಷೆ: 90 ಪ್ರಶ್ನೆಗಳು, 90 ನಿಮಿಷಗಳು.

ಪತ್ರಿಕೆ 2: ವ್ಯಾಸಂಗಿಕ ಸಾಮರ್ಥ್ಯ ಪರೀಕ್ಷೆ: 90 ಪ್ರಶ್ನೆಗಳು, 90 ನಿಮಿಷಗಳು. ಇದರಲ್ಲಿ 7 ಮತ್ತು 8ನೇ ತರಗತಿಗಳ ವಿಜ್ಞಾನ, ಸಮಾಜ ವಿಜ್ಞಾನ ಹಾಗೂ ಗಣಿತದ ಪ್ರಶ್ನೆಗಳಿರುತ್ತವೆ.

ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಕನ್ನಡದಲ್ಲಿಯೇ ಉತ್ತರಿಸಬಹುದು. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಗೆ ಪಠ್ಯಪುಸ್ತಕವಿಲ್ಲ. ಉದಾಹರಣೆಗೆ 2, 6, 12, 20, 30 ಎಂಬ ಶ್ರೇಣಿಯ ಮುಂದಿನ ಸಂಖ್ಯೆಯನ್ನು ಕೇಳಬಹುದು. ಸಂಖ್ಯೆಗಳ ನಡುವಿನ ಅಂತರ 4, 6, 8, 10 ಎಂದು ಹೆಚ್ಚುತ್ತಿರುವುದನ್ನು ಕಂಡುಕೊಂಡ ಮಗು ಮುಂದಿನ ಅಂತರ 12, ಉತ್ತರ 42 ಎಂದು ಹೇಳುತ್ತದೆ. ಇದೇ ರೀತಿ ಗುಂಪಿಗೆ ಸೇರದ ಪದ, ಆಕೃತಿಗಳ ಹೋಲಿಕೆ, ಅಡಗಿದ ಚಿತ್ರ ಮುಂತಾದ ಪ್ರಶ್ನೆಗಳಿರುತ್ತವೆ. ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವ ಶಕ್ತಿಯನ್ನಲ್ಲದೆ ಯೋಚಿಸುವ ಶಕ್ತಿಯನ್ನು ಅಳೆಯುವುದು ಈ ಪತ್ರಿಕೆಯ ಉದ್ದೇಶ. ಆದರೆ ಇಂತಹ ಪ್ರಶ್ನೆಗಳನ್ನು ಒಮ್ಮೆಯೂ ನೋಡಿರದ ಮಗು ಪರೀಕ್ಷಾ ಕೊಠಡಿಯಲ್ಲಿ ಗಾಬರಿಯಾಗುವುದು ಸಹಜ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಸಮಯ ನೋಡಿಕೊಂಡು ಕೆಲವು ಬಾರಿ ಬಿಡಿಸಿದರೆ ಈ ತೊಂದರೆ ನಿವಾರಣೆಯಾಗುತ್ತದೆ. ಇದಕ್ಕಾಗಿ ಹಣ ತೆತ್ತು ತರಬೇತಿಗೆ ಸೇರಿಸುವ ಅಗತ್ಯವಿಲ್ಲ.

7. ಅರ್ಹತಾ ಅಂಕ ಮತ್ತು ಆಯ್ಕೆ

ಎರಡೂ ಪತ್ರಿಕೆಗಳು ಸೇರಿ ಸರಾಸರಿ ಶೇ. 40 ಅಂಕ ಪಡೆದವರು ಅರ್ಹತೆ ಪಡೆಯುತ್ತಾರೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಇದು ಶೇ. 32 ಆಗಿರುತ್ತದೆ. ಅಂದರೆ ಒಟ್ಟು 180 ಅಂಕಗಳಿಗೆ ಕ್ರಮವಾಗಿ 72 ಹಾಗೂ 58 ಅಂಕಗಳಾಗುತ್ತವೆ.

ಅರ್ಹತೆ ಬೇರೆ, ಆಯ್ಕೆ ಬೇರೆ ಎಂಬುದನ್ನು ಪೋಷಕರು ಗಮನಿಸಬೇಕು. ಅರ್ಹತೆ ಪಡೆದವರೆಲ್ಲರಿಗೂ ವಿದ್ಯಾರ್ಥಿವೇತನ ದೊರೆಯುವುದಿಲ್ಲ. ರಾಜ್ಯಕ್ಕೆ ನಿಗದಿಯಾದ ಸಂಖ್ಯೆಗೆ ಅನುಗುಣವಾಗಿ, ಮೀಸಲಾತಿ ನಿಯಮಗಳಂತೆ, ಅಂಕಗಳ ಆಧಾರದ ಮೇಲೆ ಆಯ್ಕೆ ಪಟ್ಟಿಯನ್ನು ಸಿದ್ಧಪಡಿಸಲಾಗುತ್ತದೆ. ಆಯ್ಕೆಯಾಗದ ಮಗುವಿಗೆ ಪ್ರತಿಭೆ ಇಲ್ಲವೆಂದು ಅರ್ಥವಲ್ಲ. ಸ್ಥಾನಗಳು ಸೀಮಿತವಾಗಿವೆ ಎಂದಷ್ಟೇ ಅರ್ಥ.

8. ಆಯ್ಕೆಯ ನಂತರದ ಕ್ರಮ

ಅಹವಾಲುಗಳ ಪೈಕಿ ಬಹಳಷ್ಟು ಈ ಹಂತಕ್ಕೆ ಸಂಬಂಧಿಸಿದವು. ಆದ್ದರಿಂದ ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ಆಯ್ಕೆಯಾದ ವಿದ್ಯಾರ್ಥಿಯು 9ನೇ ತರಗತಿಗೆ ಸೇರಿದ ನಂತರ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎನ್.ಎಸ್.ಪಿ.) ಹೊಸ ಅರ್ಜಿಯನ್ನು ಸಲ್ಲಿಸಬೇಕು. ಈ ಅರ್ಜಿಯನ್ನು ಮೊದಲು ಶಾಲೆಯ ನೋಡಲ್ ಅಧಿಕಾರಿಯು, ನಂತರ ಜಿಲ್ಲಾ ನೋಡಲ್ ಅಧಿಕಾರಿಯು ಆನ್‌ಲೈನ್‌ನಲ್ಲಿಯೇ ಪರಿಶೀಲಿಸಿ ಅನುಮೋದಿಸುತ್ತಾರೆ. ಎರಡೂ ಹಂತಗಳ ಪರಿಶೀಲನೆ ಕೊನೆಯ ದಿನಾಂಕದೊಳಗೆ ಮುಗಿದಿದ್ದರೆ ಮಾತ್ರ ಅರ್ಜಿಯು ಪಾವತಿಗೆ ಹೋಗುತ್ತದೆ. ಹಣವು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಶಾಲೆಯ ಮೂಲಕ ನಗದಾಗಿ ವಿತರಿಸುವ ಪದ್ಧತಿ ಇರುವುದಿಲ್ಲ.

ಸಾಮಾನ್ಯವಾಗಿ ತೊಂದರೆ ಉಂಟಾಗುವ ಸಂದರ್ಭಗಳು ಹೀಗಿವೆ:

(ಅ) 8ನೇ ತರಗತಿಯವರೆಗೆ ಇರುವ ಶಾಲೆಯಲ್ಲಿ ಪರೀಕ್ಷೆ ಬರೆದ ಮಗು 9ನೇ ತರಗತಿಗೆ ಬೇರೆ ಪ್ರೌಢಶಾಲೆಗೆ ಸೇರುತ್ತದೆ. ಆಯ್ಕೆಯ ವಿಷಯ ಹಳೆಯ ಶಾಲೆಗೆ ತಿಳಿದಿರುತ್ತದೆ. ಅರ್ಜಿ ಸಲ್ಲಿಸಬೇಕಾದದ್ದು ಹೊಸ ಶಾಲೆಯಿಂದ. ಇಬ್ಬರೂ ಮತ್ತೊಬ್ಬರು ಮಾಡಿರಬಹುದೆಂದು ಸುಮ್ಮನಾಗುತ್ತಾರೆ. ಪೋಷಕರು ಫಲಿತಾಂಶದ ಪ್ರತಿ ಹಾಗೂ ಪರೀಕ್ಷೆಯ ನೋಂದಣಿ ಸಂಖ್ಯೆಯನ್ನು ಹೊಸ ಶಾಲೆಯ ಮುಖ್ಯ ಶಿಕ್ಷಕರಿಗೆ ಖುದ್ದಾಗಿ ತಲುಪಿಸಬೇಕು.

(ಆ) ಹೆಸರಿನ ವ್ಯತ್ಯಾಸ. ಶಾಲಾ ದಾಖಲೆಯಲ್ಲಿ ಹೆಸರಿನ ಮುಂದೆ ಒಂದಕ್ಷರದ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಮನೆತನದ ಹೆಸರು ಹೀಗೆ ಮೂರು ಕಡೆ ಮೂರು ರೀತಿ ಇದ್ದಲ್ಲಿ ಅರ್ಜಿ ತಿರಸ್ಕೃತವಾಗುವ ಅಥವಾ ಹಣ ಜಮೆಯಾಗದಿರುವ ಸಾಧ್ಯತೆ ಇದೆ. ಈ ವ್ಯತ್ಯಾಸವನ್ನು 8ನೇ ತರಗತಿಯಲ್ಲಿಯೇ ಸರಿಪಡಿಸಿಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ಆರಂಭಿಸಿದರೆ ಕೊನೆಯ ದಿನಾಂಕದೊಳಗೆ ತಿದ್ದುಪಡಿ ಮುಗಿಯದೆ ಹೋಗಬಹುದು.

(ಇ) ಬ್ಯಾಂಕ್ ಖಾತೆ. ಖಾತೆಯು ವಿದ್ಯಾರ್ಥಿಯ ಹೆಸರಿನಲ್ಲಿದ್ದು, ಆಧಾರ್ ಜೋಡಣೆಯಾಗಿ, ಚಾಲ್ತಿಯಲ್ಲಿರಬೇಕು. ಬಹುಕಾಲ ವಹಿವಾಟಿಲ್ಲದೆ ಸ್ಥಗಿತಗೊಂಡ ಖಾತೆಯನ್ನು ಅರ್ಜಿ ಸಲ್ಲಿಸುವ ಮೊದಲೇ ಬ್ಯಾಂಕಿಗೆ ಹೋಗಿ ಚಾಲ್ತಿಗೆ ತರಬೇಕು.

(ಈ) ಮೊಬೈಲ್ ಸಂಖ್ಯೆ. ಸೈಬರ್ ಕೇಂದ್ರದವರ ಅಥವಾ ನೆರೆಯವರ ಸಂಖ್ಯೆ ನೀಡಿದರೆ ಮುಂದಿನ ವರ್ಷ ನವೀಕರಣದ ವೇಳೆ ಒ.ಟಿ.ಪಿ. ದೊರೆಯುವುದಿಲ್ಲ. ಮನೆಯಲ್ಲಿ ಖಾಯಂ ಆಗಿ ಇರುವ ಸಂಖ್ಯೆಯನ್ನೇ ನೀಡಬೇಕು. ಅರ್ಜಿ ಸಂಖ್ಯೆ ಹಾಗೂ ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

9. ಪ್ರತಿ ವರ್ಷದ ನವೀಕರಣ

10ನೇ ತರಗತಿ, ಪ್ರಥಮ ಪಿ.ಯು.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗಳಲ್ಲಿ ನವೀಕರಣದ ಅರ್ಜಿ ಸಲ್ಲಿಸಬೇಕು. ಅದಕ್ಕೆ ಅನ್ವಯಿಸುವ ಷರತ್ತುಗಳು:

- 9ರಿಂದ 10ನೇ ತರಗತಿಗೆ ಹಾಗೂ ಪ್ರಥಮದಿಂದ ದ್ವಿತೀಯ ಪಿ.ಯು.ಸಿ.ಗೆ ಮೊದಲ ಪ್ರಯತ್ನದಲ್ಲಿಯೇ ತೇರ್ಗಡೆಯಾಗಿರಬೇಕು;
- ಪಿ.ಯು.ಸಿ.ಯಲ್ಲಿ ಮುಂದುವರಿಯಲು 10ನೇ ತರಗತಿಯಲ್ಲಿ ಕನಿಷ್ಠ ಶೇ. 60 ಅಂಕ ಪಡೆದಿರಬೇಕು (ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇ. 55);
- ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆ ಅಥವಾ ಕಾಲೇಜಿನಲ್ಲಿಯೇ ಓದು ಮುಂದುವರಿಸಿರಬೇಕು.

ಕೊನೆಯ ಷರತ್ತನ್ನು ವಿಶೇಷವಾಗಿ ಗಮನಿಸಬೇಕು. 10ನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದ ಕೂಡಲೇ ಮಗುವನ್ನು ಅನುದಾನರಹಿತ ಖಾಸಗಿ ಪಿ.ಯು. ಕಾಲೇಜಿಗೆ ಸೇರಿಸಿದರೆ ಉಳಿದ ಎರಡು ವರ್ಷಗಳ ವಿದ್ಯಾರ್ಥಿವೇತನ ದೊರೆಯುವುದಿಲ್ಲ. ಡಿಪ್ಲೊಮಾ ಹಾಗೂ ಸರ್ಟಿಫಿಕೇಟ್ ಕೋರ್ಸುಗಳಿಗೂ ಇದು ಅನ್ವಯಿಸುವುದಿಲ್ಲ. ಯಾವ ಕಾಲೇಜಿಗೆ ಸೇರಿಸಬೇಕೆಂಬುದು ಕುಟುಂಬದ ನಿರ್ಧಾರ, ಆದರೆ ರೂ. 24,000 ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು ತಿಳಿದು ನಿರ್ಧರಿಸುವುದು ಒಳ್ಳೆಯದು. ಒಮ್ಮೆ ಸ್ಥಗಿತಗೊಂಡ ವಿದ್ಯಾರ್ಥಿವೇತನವನ್ನು ಮರಳಿ ಆರಂಭಿಸಲು ಯೋಜನೆಯ ನಿಯಮಗಳಲ್ಲಿ ಅವಕಾಶವಿಲ್ಲ.

10. ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

- 7ನೇ ತರಗತಿಯ ಅಂಕಪಟ್ಟಿ
- ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆ (ಶಾಲೆಯಲ್ಲಿ ದೊರೆಯುತ್ತದೆ)
- ನಾಡಕಚೇರಿಯಿಂದ ಪಡೆದ, ಆರ್.ಡಿ. ಸಂಖ್ಯೆಯುಳ್ಳ ಆದಾಯ ಪ್ರಮಾಣಪತ್ರ. ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ
- ವಿಕಲಚೇತನ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಮಾಣಪತ್ರ
- ಆಧಾರ್ ಕಾರ್ಡ್ ಮತ್ತು ವಿದ್ಯಾರ್ಥಿಯ ಬ್ಯಾಂಕ್ ಪಾಸ್ ಪುಸ್ತಕ

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಶಾಲೆಯಲ್ಲಿ ಈ ಪರೀಕ್ಷೆಯ ಬಗ್ಗೆ ಯಾರೂ ತಿಳಿಸಿಲ್ಲ. ಏನು ಮಾಡಬೇಕು?
ಉತ್ತರ: ಮುಖ್ಯ ಶಿಕ್ಷಕರನ್ನು ಭೇಟಿಯಾಗಿ ಲಿಖಿತ ಮನವಿ ನೀಡಬಹುದು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚಿತವಾಗಿ ಸಂಪರ್ಕಿಸಬೇಕು. ದಿನಾಂಕ ಮುಗಿದ ನಂತರ ಬರುವ ಮನವಿಯನ್ನು ಪರಿಗಣಿಸುವುದು ಕಷ್ಟವಾಗುತ್ತದೆ.

ಪ್ರಶ್ನೆ: ಅರ್ಜಿ ಸಲ್ಲಿಸಿದ್ದೇವೆ, ಹಣ ಬಂದಿಲ್ಲ.
ಉತ್ತರ: ಮೊದಲು ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿಯನ್ನು ನೋಡಬೇಕು. ಶಾಲಾ ಹಂತದಲ್ಲಿ ಬಾಕಿ ಇದ್ದರೆ ಮುಖ್ಯ ಶಿಕ್ಷಕರನ್ನು, ಜಿಲ್ಲಾ ಹಂತದಲ್ಲಿದ್ದರೆ ಜಿಲ್ಲಾ ನೋಡಲ್ ಅಧಿಕಾರಿಯನ್ನು, ಅನುಮೋದನೆಯಾಗಿದ್ದೂ ಹಣ ಜಮೆಯಾಗದಿದ್ದರೆ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯನ್ನು ವಿಚಾರಿಸಬೇಕು. ಅರ್ಜಿಯಲ್ಲಿ ದೋಷವಿದೆಯೆಂದು ಹಿಂದಿರುಗಿಸಿದ್ದಲ್ಲಿ, ಅದನ್ನು ಸರಿಪಡಿಸಿ ಅವಧಿಯೊಳಗೆ ಪುನಃ ಸಲ್ಲಿಸಬೇಕು.

ಪ್ರಶ್ನೆ: ಮಗು ಚಿತ್ರಕಲೆ, ಹಾಡುಗಾರಿಕೆಯಲ್ಲಿ ಮುಂದಿದೆ; ಓದಿನಲ್ಲಿ ಸಾಧಾರಣ. ಅಂತಹವರಿಗೆ ಅವಕಾಶವಿದೆಯೇ?
ಉತ್ತರ: ಎನ್.ಎಂ.ಎಂ.ಎಸ್. ಓದಿಗೆ ಸಂಬಂಧಿಸಿದ ಸಾಮರ್ಥ್ಯವನ್ನು ಮಾತ್ರ ಅಳೆಯುತ್ತದೆ. ಕಲೆ, ಸಾಹಿತ್ಯ, ಅಭಿನಯಗಳಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಪ್ರತಿಭಾ ಕಾರಂಜಿ ಸ್ಪರ್ಧೆಗಳಿವೆ. ಹೊಸ ಉಪಕರಣ ಅಥವಾ ವಿಚಾರವನ್ನು ರೂಪಿಸುವ ಮಕ್ಕಳ ಹೆಸರನ್ನು ಇನ್‌ಸ್ಪೈರ್ ಅವಾರ್ಡ್ - ಮಾನಕ್ ಯೋಜನೆಗೆ ಶಾಲೆಯು ಕಳುಹಿಸಬಹುದು. ಇದರಲ್ಲಿ ಆಯ್ಕೆಯಾದ ವಿಚಾರಕ್ಕೆ ಮಾದರಿ ತಯಾರಿಸಲು ರೂ. 10,000 ನೀಡಲಾಗುತ್ತದೆ.

ಪ್ರಶ್ನೆ: ಆಯ್ಕೆಯಾಗದ ಮಗುವಿಗೆ ಶಾಲೆಯಲ್ಲಿ ಬೇರೆ ನೆರವು ಇಲ್ಲವೇ?
ಉತ್ತರ: ಪ್ರತಿಯೊಂದು ಮಗುವಿನಲ್ಲಿಯೂ ಸಹಜ ಪ್ರತಿಭೆ ಇರುತ್ತದೆ, ಅದನ್ನು ಗುರುತಿಸಿ ಬೆಳೆಸಬೇಕು ಎಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯ. ಹೆಚ್ಚುವರಿ ಓದಿನ ಸಾಮಗ್ರಿ ಒದಗಿಸುವುದು, ವಿಷಯಾಧಾರಿತ ಸಂಘಗಳನ್ನು ನಡೆಸುವುದು ಇದರಲ್ಲಿ ಸೇರಿವೆ. ಶಾಲೆಯ ಗ್ರಂಥಾಲಯ, ವಿಜ್ಞಾನ ಸಂಘಗಳನ್ನು ಬಳಸಿಕೊಳ್ಳಲು ಆಯ್ಕೆ ಪಟ್ಟಿಯಲ್ಲಿ ಹೆಸರು ಇರಬೇಕಾದ ಅಗತ್ಯವಿಲ್ಲ.

12. ಸಾರ್ವಜನಿಕರ ಗಮನಕ್ಕೆ

ಆಯ್ಕೆ ಮಾಡಿಸಿಕೊಡುವುದಾಗಿ ಅಥವಾ ಹಣ ಬಿಡುಗಡೆ ಮಾಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಬ್ಯಾಂಕ್ ವಿವರ ಅಥವಾ ಒ.ಟಿ.ಪಿ.ಯನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು.

ತಿಂಗಳಿಗೆ ರೂ. 1,000 ಎಂಬುದು ದೊಡ್ಡ ಮೊತ್ತವಲ್ಲವೆಂದು ಕೆಲವರಿಗೆ ತೋರಬಹುದು. ಬಸ್ ಪಾಸು, ನೋಟ್ ಪುಸ್ತಕ, ಪರೀಕ್ಷಾ ಶುಲ್ಕಗಳ ಲೆಕ್ಕ ಹಾಕುವ ಮನೆಯಲ್ಲಿ, ಮಗಳನ್ನು ಶಾಲೆ ಬಿಡಿಸಬೇಕೋ ಬೇಡವೋ ಎಂಬ ಮಾತು ಬಂದಾಗ, ಆಕೆಯ ಹೆಸರಿನಲ್ಲಿಯೇ ಬರುವ ಈ ಹಣವು ಆಕೆಯ ಪರವಾಗಿ ನಿಲ್ಲುತ್ತದೆ. ಆದ್ದರಿಂದ ಅರ್ಹ ಮಕ್ಕಳ ಪೋಷಕರು 8ನೇ ತರಗತಿಯ ಆರಂಭದಲ್ಲಿಯೇ ಶಾಲೆಯನ್ನು ಸಂಪರ್ಕಿಸಿ, ಪರೀಕ್ಷೆ, ಅರ್ಜಿ ಮತ್ತು ನವೀಕರಣದ ದಿನಾಂಕಗಳನ್ನು ತಿಳಿದುಕೊಂಡು, ಈ ಸೌಲಭ್ಯದ ಪೂರ್ಣ ಪ್ರಯೋಜನ ಪಡೆಯಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗೆ ಸಂಬಂಧಿಸಿದ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಕಛೇರಿಯ ವೇಳೆಯಲ್ಲಿ ಸಂಪರ್ಕಿಸಬಹುದು.